ಮೂರು ಬಿಳಿ ಬಟ್ಟೆ

ಬಿಡಾರದಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಅಕ್ಷರ ಬೇರೆಯವರದ್ದು ಎಂದು ಗಾಬರಿಯಾಗಬೇಡ. ಮಾತು ನನ್ನದೇ. ಬಲಗೈ ಮುರಿದು ಪಟ್ಟಿ ಕಟ್ಟಿದ್ದಾರೆ, ಹಾಗಾಗಿ ನಾನು ಹೇಳುತ್ತಿದ್ದೇನೆ, ಇಲ್ಲಿನ ಅಡುಗೆಯ ಅಕ್ಕ ಬರೆಯುತ್ತಿದ್ದಾಳೆ. ಕೈಯೊಂದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಫೋನು ಇಲ್ಲಿ ಸಿಗುವುದಿಲ್ಲ. ನಾಳೆ ಪೇಟೆಗೆ ಹೋಗುವ ಜೀಪಿನಲ್ಲಿ ಈ ಕಾಗದ ಕಳಿಸುತ್ತೇನೆ.

ನೀರಿಗಾಗಿ ನೆಲ ಕೊರೆದು ನೋಡುವವರ ಈ ಬಿಡಾರಕ್ಕೆ ವಾರವಾರ ಚಿಕ್ಕ ವಿಮಾನದಲ್ಲಿ ಔಷಧಿ, ದಿನಸಿ ತರುವುದು ನನ್ನ ಕೆಲಸವಲ್ಲವೇ? ಇಲ್ಲಿ ವಿಮಾನ ನಿಲ್ದಾಣವಿಲ್ಲ, ಬರೀ ಹುಲ್ಲಿನ ಬಯಲು. ನೆಲ ಗಟ್ಟಿಯಿರುವ ಕಡೆ ಬಿಡಾರದವರು ಸಾಲಾಗಿ ಮೂರು ಬಿಳಿ ಬಟ್ಟೆ ಹಾಸಿಡುತ್ತಾರೆ. ಅದನ್ನು ನೋಡಿಯೇ ಇಳಿಯಬೇಕು. ಸೋಮವಾರ ನಾನು ಜಾಗ ತಪ್ಪಿದೆ. ತೊರೆಯ ಪಕ್ಕದ ಒದ್ದೆ ನೆಲದಲ್ಲಿ ಚಕ್ರ ಹೂತು, ವಿಮಾನ ಮೂಗು ನೆಟ್ಟು ಮಗುಚಿಕೊಂಡಿತು. ತಪ್ಪು ನನ್ನದೇ, ಅದರ ಬಗ್ಗೆ ಹೆಚ್ಚು ಕೇಳಬೇಡ.

ಬೆಲ್ಟಿನಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದೆ. ಪೆಟ್ರೋಲು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಕೊಂಡಿ ಬಿಚ್ಚಲು ಬರಲಿಲ್ಲ. ಆಗ ನಿನ್ನನ್ನೇ ಕರೆದೆ ಅಮ್ಮಾ. ಬಂದವಳು ಈ ಅಕ್ಕ. ತೊರೆಯ ಬಳಿ ಸೊಪ್ಪು ಕೊಯ್ಯುತ್ತಿದ್ದಳಂತೆ, ಕೈಯಲ್ಲಿ ಚಾಕು ಇತ್ತು. ಬೇಗ ಕತ್ತರಿಸು ಎಂದು ಗೋಗರೆದರೂ ಕೇಳಲಿಲ್ಲ. ಮೊದಲು ನನ್ನ ಕೆಳಗೆ ತೂರಿ, ನನ್ನ ಹೆಗಲಿಗೆ ತನ್ನ ಬೆನ್ನು ಕೊಟ್ಟು, ಆಮೇಲೆ ಬೆಲ್ಟು ಕೊಯ್ದಳು. ಹಾಗೆ ಮಾಡದಿದ್ದರೆ ತಲೆಯ ಮೇಲೆ ಬಿದ್ದು ಕುತ್ತಿಗೆ ಮುರಿಯುತ್ತಿತ್ತು ಎಂದು ಬಿಡಾರದ ಡಾಕ್ಟರು ಹೇಳಿದರು. ಇದನ್ನು ಬರೆಯಲು ಅಕ್ಕ ಒಪ್ಪದೆ ಪೆನ್ನು ಕೆಳಗಿಟ್ಟು ಕೂತಿದ್ದಳು. ಬರಿ ಅಕ್ಕಾ, ಇದು ನನ್ನ ಕಾಗದ ಎಂದು ರೇಗಿದ ಮೇಲೆ ಬರೆದಳು.

ಈಗ ನನಗೆ ತುತ್ತು ತಿನ್ನಿಸುವವಳೂ ಅವಳೇ, ತಲೆ ಬಾಚುವವಳೂ ಅವಳೇ. ಜಡೆಯನ್ನು ನಿನ್ನಷ್ಟೇ ಜೋರಾಗಿ ಎಳೆಯುತ್ತಾಳೆ. ಬೇಡವೆಂದರೂ ಇನ್ನೊಂದು ಸೌಟು ಬಡಿಸುತ್ತಾಳೆ. ನಾನು ಉಳಿದಿದ್ದಕ್ಕೆ ನೀನು ಯಾರಿಗಾದರೂ ಕೈಮುಗಿಯುವುದಿದ್ದರೆ ಇವಳಿಗೆ ಮುಗಿ.

ಇನ್ನು ಕೊಟ್ಟ ಮಾತಿನ ವಿಷಯ. ನಾನು ಮೊದಲ ಸಲ ಒಬ್ಬಳೇ ಹಾರುವ ಮುನ್ನ, ನೀನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದ್ದೆ: “ನಿನ್ನ ತಪ್ಪಿಂದ ಒಂದು ಸಲ ಬಿದ್ದೆಯೋ, ಮುಗೀತು. ಮತ್ತೆ ಹತ್ತಬಾರದು.” ಹೂಂ ಎಂದಿದ್ದೆ. ಹೂಂ ಎಂದ ಮೇಲೆ ಮುಗಿಯಿತು. ಕೈ ಕೂಡಿದ ಮೇಲೆ ಬಂದು ನಿನ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೂರುತ್ತೇನೆ. ನನ್ನ ಕಾಜಾ ಎಷ್ಟು ಸೊಟ್ಟ ಎಂದು ನಿನಗೇ ಗೊತ್ತು. ಗಿರಾಕಿಗಳು ಓಡಿಹೋದರೆ ನನ್ನನ್ನು ಅನ್ನಬೇಡ. ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಬೈಯಲು ನೀನಿದ್ದೀಯ, ಬೈಸಿಕೊಳ್ಳಲು ನಾನು ಉಳಿದಿದ್ದೇನೆ. ಅಷ್ಟು ಸಾಕಮ್ಮ.

ನಿನ್ನ
ಎಡವಟ್ಟಿ
(ಸಹಿ ಎಡಗೈಯದು, ನಗಬೇಡ.)

ತಾ.ಕ.: ಅಮ್ಮಾವರೇ, ನಾನು ಅಡುಗೆಯವಳು. ನಿಮ್ಮ ಮಗಳು ನಿದ್ದೆ ಮಾಡ್ತಿದಾಳೆ, ಅವಳನ್ನ ಕೇಳದೆ ಬರೀತಿದೀನಿ. ಅವಳು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದೆ, ಆದರೆ ಒಂದು ಮಾತು ಬಿಟ್ಟಿದಾಳೆ. ಹಾಸೋ ಬಟ್ಟೆ ಮೂರೂ ಮಣ್ಣು ಮಣ್ಣಾಗಿದ್ವು. ಮೇಲಿಂದ ಅವಳಿಗೆ ಚೆನ್ನಾಗಿ ಕಾಣಲಿ ಅಂತ ನಾನೇ ಒಗೆದು, ತೊರೆ ಪಕ್ಕ ಹುಲ್ಲಿನ ಮೇಲೆ ಸಾಲಾಗಿ ಒಣಗಹಾಕಿದ್ದೆ. ಅವಳು ಬರೋ ಹೊತ್ತಿಗೆ ಒಣಗ್ತವೆ, ಎತ್ಕೊಂಡು ಹೋಗಿ ಹಾಸಿದರಾಯ್ತು ಅಂದ್ಕೊಂಡಿದ್ದೆ. ಅವಳು ಬೇಗ ಬಂದುಬಿಟ್ಟಳು, ಆ ಬಟ್ಟೆ ನೋಡಿ ಅಲ್ಲೇ ಇಳಿದಳು. ನನ್ನ ಕೆಲಸ ಹೋಗುತ್ತೆ ಅಂತ ಅವಳು ಇದನ್ನ ಯಾರಿಗೂ ಹೇಳಿಲ್ಲ, ನಿಮಗೂ ಹೇಳ್ತಿಲ್ಲ. ಈಗಷ್ಟೇ ಬಿಡಾರದ ಯಜಮಾನರಿಗೆ ನಾನೇ ಹೇಳಿ ಬಂದೆ. ಚೆನ್ನಾಗಿ ಬೈದರು, ಕೆಲಸದಿಂದ ತೆಗೀಲಿಲ್ಲ. ಇನ್ನು ಮುಚ್ಚಿಡೋದು ಏನೂ ಇಲ್ಲ. ಅವಳು ಬಿದ್ದಿದ್ದು ನನ್ನ ತಪ್ಪಿಂದ ತಾಯಿ, ಅವಳ ತಪ್ಪಿಂದ ಅಲ್ಲ. ಕೈ ಕೂಡಿದ ಮೇಲೆ ಅವಳನ್ನ ಮತ್ತೆ ಹತ್ತೋಕೆ ಬಿಡಿ.