ನನ್ನ ಹೆಸರಿನ ಬಡ್ಡಿ

ಹುಕ್ಕೇರಿ
9 ನವೆಂಬರ್ 2025

ಅವ್ವಾ, ನಿನ್ನ ಮಗಳ ಶರಣು.

ಮೊನ್ನೆ ಫೋನಿನಲ್ಲಿ ನೀನು, "ಆ ಬ್ಯಾಂಕಿನ ಕಾಗದ ಹರದ ಒಗಿ, ಅಣ್ಣನ ಮನಸ ಮುರೀಬ್ಯಾಡ" ಅಂದೆ. ಬಾಜೂಕ್ಕೆ ಸೋಮಶೇಖರಣ್ಣ ಕೆಮ್ಮಿದ್ದೂ ಕೇಳಿಸಿತು. ಹರಿದಿಲ್ಲ ಅವ್ವಾ. ಹರಿಯುವುದೂ ಇಲ್ಲ.

ಜುಲೈನಲ್ಲೇ ನಾನು ಶಾಲೆಯ ಪಗಾರವಷ್ಟೇ ತೋರಿಸಿ ಆದಾಯ ತೆರಿಗೆ ರಿಟರ್ನ್ ತುಂಬಿ ಕೈತೊಳೆದುಕೊಂಡಿದ್ದೆ. ಈ ಕಾಗದ ನನ್ನ ಕೈಗೆ ಬಂದದ್ದು ದಸರೆ ಮುಗಿದ ಮೇಲೆ. ಮೂಡಲಗಿಯ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಎಂಟು ಲಕ್ಷದ ಠೇವಣಿ, ವರ್ಷದ ಬಡ್ಡಿ ಐವತ್ತಾರು ಸಾವಿರ! ಖಾತೆಗೆ ತವರಿನ ವಿಳಾಸ. ಜೂನ್‌ನಲ್ಲೇ ಕಾಗದ ಮನೆಗೆ ಬಂದಿತ್ತು, ತಿಜೂರಿಯಲ್ಲಿಟ್ಟಿದ್ದೆ ಎಂದು ಅಣ್ಣನೇ ಬಾಯಿಬಿಟ್ಟ.

ಮದುವೆಗೆ ಮುಂಚೆ ಗೋಕಾಕದ ಶಾಲೆಯಲ್ಲಿ ದುಡಿದ ಐದು ವರ್ಷದ ಪಗಾರವನ್ನು ಅಪ್ಪನ ಕೈಗೇ ಕೊಟ್ಟಿದ್ದೆ. ಮನೆಗೆ ಖರ್ಚಾಯಿತು ಅಂದುಕೊಂಡಿದ್ದೆ. ಅಪ್ಪ ಒಂದು ರೂಪಾಯಿ ಮುಟ್ಟದೆ ನನ್ನ ಹೆಸರಿಗೇ ಇಟ್ಟಿದ್ದ. ತೀರಿಕೊಳ್ಳುವ ಮುಂಚೆ ಅಪ್ಪ ಸಹಿ ಹಾಕು ಅಂದಲ್ಲಿ ಹಾಕಿದ್ದೆ, ಓದಿರಲಿಲ್ಲ. ಇದು ತಿಳಿದ ದಿನ ಶಾಲೆಯಲ್ಲೇ ಅತ್ತುಬಿಟ್ಟೆ.

ಅಣ್ಣನ ಮಾತು ಒಂದೇ: "ಹೆಸರಷ್ಟ ನಿಂದು, ರೊಕ್ಕ ಮನಿದು. ರಿಟರ್ನ್ ತಿದ್ದಬ್ಯಾಡ. ಜನವರಿಗೆ ಠೇವಣಿ ಮುಗೀತೈತಿ, ತಗದು ಕೊಡು." ನಾಗರ ಪಂಚಮಿಗೆ ತವರಿಗೆ ಕರೆಸಿ, ಸೀರೆ ಉಡಿಸಿ, ಹೊಲದ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಮಾಡಿಸಿಕೊಂಡಾಗ ನಾನು ತುಟಿಪಿಟಿಕ್ಕೆನ್ನಲಿಲ್ಲ. ಅದಕ್ಕೇ ಅವನಿಗೆ ಇಷ್ಟು ಧೈರ್ಯ.

ಬರೆದದ್ದೆಲ್ಲ ಖರೆ, ಪೂರ್ತಿ ಎಂದು ರಿಟರ್ನಿನ ಕೊನೆಗೆ ನಾನು ಒಪ್ಪಬೇಕು. ಗೊತ್ತಿದ್ದೂ ಬಡ್ಡಿ ಮುಚ್ಚಿಟ್ಟರೆ ನಾನು ಸುಳ್ಳುಗಾತಿ. ತೋರಿಸಿದರೆ, ರೊಕ್ಕ ನನ್ನದೆಂದು ಸರಕಾರಕ್ಕೇ ಬರೆದುಕೊಟ್ಟಂತೆ. ಅಣ್ಣ ಹೆದರಿರುವುದು ಇದಕ್ಕೇ.

ಡಿಸೆಂಬರ್ ಕೊನೆಯವರೆಗೆ ತಿದ್ದಬಹುದು ಎಂದು ಸಂಕೇಶ್ವರದ ತೆರಿಗೆ ಸಲಹೆಗಾರ ಅಣ್ಣಾಸಾಹೇಬರು ಹೇಳಿದರು. "ವಿಚಾರ ಮಾಡ್ರಿ ಬಾಯಾರ, ತವರ ಕಡಕೊಂಡೀರಿ" ಎಂದೂ ಅಂದರು. ವಿಚಾರ ಮಾಡಿಯಾಯಿತು. ನಿನ್ನೆ ಅವರೆದುರೇ ಕುಳಿತು ತಿದ್ದಿಸಿದೆ, ಹೆಚ್ಚಿನ ತೆರಿಗೆಯನ್ನು ನನ್ನ ಪಗಾರದಿಂದಲೇ ಕಟ್ಟಿದೆ. ಜನವರಿಗೆ ಬ್ಯಾಂಕಿಗೆ ನಾನೇ ಬರುತ್ತೇನೆ. ಮುಂದಿನ ಪಂಚಮಿಗೆ ಅಣ್ಣ ಕರೆಯದಿದ್ದರೆ ಬೇಡ. ನಾನೇ ಬಂದು ನಿನಗೆ ಸೀರೆ ಉಡಿಸುತ್ತೇನೆ.

ಯಾರ ಮನಸ್ಸು ಮುರಿದರೂ ಸರಿ,
ನಿನ್ನ ಮಗಳು
ಅನ್ನಪೂರ್ಣಾ

ತಾ.ಕ.: ಇದು ಬೇರೆ ಚೀಟಿ. ಕೊಣ್ಣೂರಿನ ಚಿಗವ್ವ ನಿನ್ನ ಕೈಗೇ ಕೊಡುತ್ತಾಳೆ. ಪತ್ರವನ್ನು ಅಣ್ಣನಿಗೆ ಓದಲು ಕೊಡು, ಇದನ್ನು ಒಲೆಗೆ ಹಾಕು. ಬ್ಯಾಂಕಿನವರೇ ಇನ್ನೊಂದು ಪ್ರತಿ ಕಳಿಸಿದರೆಂದು ಅವನು ತಿಳಿದಿದ್ದಾನೆ, ಹಾಗೇ ತಿಳಿದುಕೊಂಡಿರಲಿ. ನನಗೆ ಬಂದ ಲಕೋಟೆಯ ಮೇಲೆ ಕಳಿಸಿದವರ ಹೆಸರಿರಲಿಲ್ಲ. ಆದರೆ ಅವ್ವಾ, ಪಾಟಿ ಹಿಡಿಸಿ ನಿನಗೆ ಅಕ್ಷರ ಕಲಿಸಿದವಳು ನಾನೇ ಅಲ್ಲವೇ? ನಿನ್ನ ಕೈಬರಹ ನನಗೆ ತಿಳಿಯದೇ?