ಸತ್ತವು ಬೇರೆ, ಬದುಕಿದವು ಬೇರೆ

ಜನವರಿ 8, ಸೋಮವಾರ

ಮತ್ತೆ ಅದೇ ಮೆಸೇಜು. ಲ್ಯಾಬಿನ ಎಲ್ಲ ಪರದೆಗಳ ಮೇಲೂ — ಈ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ. ಕ್ಲೋಸ್ ಒತ್ತಿದೆ. ಮತ್ತೆ ಬಂತು. ಸಿಪಿಯು ಡಬ್ಬಕ್ಕೆ ಒಂದು ಗುದ್ದಿದೆ. ಮಕ್ಕಳು ನಕ್ಕರು.

ಪಾಳಿ ಬದಲಾಗುವಾಗ ಮೆಟ್ಟಿಲ ಮೇಲೆ ಎಂದಿನ ಯುದ್ಧ. ಇಳಿಯುವವರು ಫೀಸು ಕಟ್ಟುವ ಬೆಳಗಿನವರು. ಹತ್ತುವವರು ಫೀಸಿಲ್ಲದ ಮಧ್ಯಾಹ್ನದವರು. ಕಟ್ಟಡ ಒಂದೇ, ಮೆಟ್ಟಿಲೂ ಒಂದೇ. ಇವತ್ತು ಒಬ್ಬನ ಮೂಗಿನಿಂದ ರಕ್ತ. ಆಟದ ಮಾಸ್ತರು — ಸ್ಕೂಲಿಗೆಲ್ಲ ಅವರು ‘ಸೀಟಿ’ — ಕೊರಳ ಸೀಟಿ ಊದಿಕೊಂಡು ಬಂದು ಕೈಗೆ ಸಿಕ್ಕವನಿಗೆ ಬಾರಿಸಿದರು. ಅವರ ಕೈಗೆ ಸಿಗುವವನು ಯಾವಾಗಲೂ ಮಧ್ಯಾಹ್ನದವನೇ.

ಹೆಡ್ಮಾಸ್ಟರು ಕರೆಸಿದರು. ಬೆಳಗಿನವರಿಗೆ ಮೇಲಿನ ಮಹಡಿಯಲ್ಲಿ ಹೊಸ ಲ್ಯಾಬ್ ಆಗುತ್ತದಂತೆ.

“ಹಳೇದೆಲ್ಲ ಗುಜರಿಗೆ ಹಾಕ್ಬಿಡಿ ಮೇಡಂ.”

“ಮಧ್ಯಾಹ್ನದವರಿಗೆ?”

“ನೋಡೋಣ.”

ಅವರ ‘ನೋಡೋಣ’ ಅಂದರೆ ಕಣ್ಣು ಮುಚ್ಚಿಕೊಳ್ಳೋಣ ಅಂತ.

ಜನವರಿ 11

ಹೆಡ್ಮಾಸ್ಟರ ಹತ್ತಿರ ಜಗಳ ಆಡಿಯೇ ಬಂದೆ. “ಕಂಪ್ಯೂಟರ್ ಸತ್ತಿಲ್ಲ ಸರ್. ಒಳಗಿನ ಸಿಸ್ಟಮ್‌ಗೆ ವಯಸ್ಸಾಗಿದೆ ಅಷ್ಟೆ. ಅದನ್ನ ತೆಗೆದು ಲಿನಕ್ಸ್ ಹಾಕಿದ್ರೆ ಇನ್ನೂ ನಾಲ್ಕೈದು ವರ್ಷ ಎಳೆಯುತ್ತೆ. ಅದೂ ಬಿಟ್ಟಿ.”

ಬಿಟ್ಟಿ ಎಂದದ್ದೇ ಮುಖ ಅರಳಿತು. “ಹಾಗಾದ್ರೆ ಸರಿ. ಸತ್ತವು ಬೇರೆ, ಬದುಕಿದವು ಬೇರೆ ಮಾಡಿ.”

ಮಧ್ಯಾಹ್ನದವರನ್ನೇ ಹಚ್ಚಿದೆ. ಸತ್ತವುಗಳ ಮೆಮೊರಿ ಕಿತ್ತು ಬದುಕಿದವಕ್ಕೆ ಸಿಕ್ಕಿಸುವುದು. ಎಲ್ಲರಿಗಿಂತ ಮುಂದೆ ಆ ವೆಲ್ಡರ್ ಮಗಳು. ಕೀರಲು ಗಂಟಲು, ಅದಕ್ಕೇ ‘ಪಿಟೀಲು’ ಅಂತ ಹೆಸರು ಬಿದ್ದಿದೆ. ಅವಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳಲು ಹೋದ ಹುಡುಗನ ಮೊಣಕೈ ಕಚ್ಚಿದಳು. ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. “ಕೇಳಿದ್ರೆ ಕೊಡ್ತಿದ್ದೆ ಟೀಚರ್, ಕಿತ್ಕೊಂಡ್ರೆ ಕೊಡಲ್ಲ” ಅಂದಳು.

ಜನವರಿ 19

ಒಂಬತ್ತು ಕಂಪ್ಯೂಟರ್ ಎದ್ದು ಕೂತಿವೆ! ಆಮೆ ನಡಿಗೆ, ಆದರೂ ನಡಿಗೆ. ಆ ಹಾಳು ಮೆಸೇಜಿಲ್ಲ. ಸಂಜೆಯವರೆಗೂ ಮಕ್ಕಳು ಏಳಲಿಲ್ಲ.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಶುರು. ಅವಳು ಬೆಳಗಿನ ಪಾಳಿ, ಕೊನೆಯ ತರಗತಿ.

“ನಿನ್ನ ಎಲ್ಲ ಏನಂತಾರೆ ಗೊತ್ತಾ? ಗುಜರಿ ಟೀಚರ್. ನನ್ನ ಗುಜರಿ ಮಗಳು ಅಂತಾರೆ.”

“ಅನ್ನಲಿ ಬಿಡು.”

“ಆ ಪಿಟೀಲಿಗೆ ಹೇಳ್ಕೊಡೋಕೆ ಟೈಮಿದೆ. ನನ್ನ ಪರೀಕ್ಷೆ ಯಾವತ್ತು ಅಂತ ಗೊತ್ತಾ ನಿಂಗೆ? ಆ ಭಿಕಾರಿಗಳನ್ನೇ ಸಾಕ್ಕೋ ಹೋಗು.”

ಕೆನ್ನೆಗೆ ಬಿಟ್ಟೆ. ಬೆರಳು ಐದೂ ಮೂಡಿದವು. ಅವಳು ಅಳಲಿಲ್ಲ. ನೋಡಿದಳು, ಅಷ್ಟೆ. ಇವರು ಟಿವಿಯ ವಾಲ್ಯೂಮ್ ಹೆಚ್ಚಿಸಿದರು.

ಪರೀಕ್ಷೆ ಯಾವತ್ತು ಅಂತ ನನಗೆ ನಿಜವಾಗಿ ಗೊತ್ತಿರಲಿಲ್ಲ...

ಫೆಬ್ರವರಿ 2

ಬೀಳ್ಕೊಡುಗೆ ದಿನಕ್ಕೆ ಸೀಟಿಯದೊಂದು ಐಡಿಯಾ. ಸತ್ತ ಕಂಪ್ಯೂಟರುಗಳನ್ನು ಮೈದಾನದಲ್ಲಿಟ್ಟು ಕೊನೆಯ ತರಗತಿಯವರ ಕೈಗೆ ಸುತ್ತಿಗೆ ಕೊಡುವುದು. ಪರೀಕ್ಷೆಯ ಟೆನ್ಶನ್ ಇಳಿಯಲಿ ಅಂತ. ಹೆಡ್ಮಾಸ್ಟರಿಗೆ ಬಲು ಇಷ್ಟವಾಯಿತು.

ಬೇಡ ಎಂದೆ. ಗಾಜಿದೆ, ವಿಷದ ಪದಾರ್ಥ ಇದೆ, ಬೇರ್ಪಡಿಸಿ ರೀಸೈಕಲ್‌ನವರಿಗೆ ಕೊಡಬೇಕು ಎಂದೆ. “ನೀವೊಬ್ರು... ಮದುವೆ ಮನೇಲೂ ಅಳೋ ಜಾತಿ” ಎಂದು ಸೀಟಿ ನಕ್ಕರು. ಕೊನೆಗೆ ಒಪ್ಪಿದೆ. ಮಾನಿಟರು ಇಲ್ಲ, ಬ್ಯಾಟರಿ ಇಲ್ಲ, ಬರೀ ತಗಡಿನ ಡಬ್ಬ — ಇದು ನನ್ನ ಷರತ್ತು. ಎಷ್ಟು ದೊಡ್ಡ ಷರತ್ತು!

ಫೆಬ್ರವರಿ 16, ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಮೊದಲ ಏಟು ಸೀಟಿಯದು. ಎರಡನೆಯದು ನನ್ನದು. ಎಲ್ಲರೂ “ಮೇಡಂ, ಮೇಡಂ” ಅಂದರು, ಹೊಡೆದೆ. ತಗಡು ಒಳಕ್ಕೆ ಕುಸಿಯಿತು. ಸುಳ್ಳು ಯಾಕೆ, ಹಿತವಾಯಿತು. ತೋಳಿನಿಂದ ಬೆನ್ನಿನವರೆಗೆ ಹಿತ. ಇನ್ನೊಂದು ಹೊಡೆಯಬೇಕೆನಿಸಿತು. ಸುತ್ತಿಗೆ ಕಿತ್ತುಕೊಂಡರು.

ಆಮೇಲೆ ಅವರಿಗೆ ಡಬ್ಬಗಳು ಸಾಲಲಿಲ್ಲ. ಐದೂ ಚಪ್ಪಟೆಯಾದವು. ಯಾರೋ ಕೂಗಿದರು: “ಲ್ಯಾಬಲ್ಲಿ ಇನ್ನೂ ಇವೆ ಕಣ್ರೋ!” ಹತ್ತಿಪ್ಪತ್ತು ಮಕ್ಕಳು ಒಂದೇ ಸಮ ಓಡಿದರು. ಸೀಟಿ ಊದಿದರು, ಊದಿದರು. ಯಾರಿಗೆ ಬೇಕಿತ್ತು?

ನಾನು ತಲುಪುವಷ್ಟರಲ್ಲಿ ಬಾಗಿಲು ಕಿತ್ತುಬಂದಿತ್ತು. ಮಧ್ಯಾಹ್ನದವರು ಬೇಗ ಬಂದು ಒಳಗೆ ಕೂತಿದ್ದರು. ಕುರ್ಚಿಗಳು ಹಾರುತ್ತಿದ್ದವು. ಒಬ್ಬ ಹುಡುಗನ ಕತ್ತಿಗೆ ಕೇಬಲ್ ಸುತ್ತಿ ನೆಲದ ಮೇಲೆ ಎಳೆಯುತ್ತಿದ್ದರು. ಬಿಡಿಸಿದೆ. ಯಾರದೋ ಮೊಣಕೈ ನನ್ನ ಬಾಯಿಗೆ ಬಡಿಯಿತು, ತುಟಿ ಒಡೆಯಿತು. ಪರದೆಗಳು ಒಂದೊಂದಾಗಿ ಪಟ್... ಪಟ್...

ಮೂಲೆಯ ಕಂಪ್ಯೂಟರ್ ಮುಂದೆ ಪಿಟೀಲು. ಕೀಬೋರ್ಡಿನ ಮೇಲೆ ಎರಡೂ ಕೈ ಹರಡಿ ಬಗ್ಗಿದ್ದಳು.

“ಕೊಡಲ್ಲ! ಇದು ನಾವು ಮಾಡಿದ್ದು!”

ಅವಳ ಎದುರು ನನ್ನ ಮಗಳು. ಸುತ್ತಿಗೆ ತಲೆಯ ಮೇಲಿತ್ತು.

“ಕೈ ತೆಗಿ.”

“ತೆಗೆಯಲ್ಲ.”

ಕೂಗಿದೆ. ಅವಳ ಹೆಸರು ಹಿಡಿದೇ ಕೂಗಿದೆ. ಮಗಳು ತಿರುಗಿ ನೋಡಿದಳು. ನನ್ನ ಮುಖವನ್ನೇ ನೋಡಿದಳು. ನೋಡಿದ ಮೇಲೆ ಹೊಡೆದಳು.

ಒಣ ಕಡ್ಡಿ ಮುರಿದ ಸದ್ದು. ಬಲಗೈ.

ಫೆಬ್ರವರಿ 17

ವೆಲ್ಡರ್ ಬಂದ. ಜೊತೆಗೆ ಐದಾರು ಜನ. ಗೇಟಿನಲ್ಲೇ ಸೀಟಿಯ ಕಾಲರ್ ಹಿಡಿದು ಗೋಡೆಗೆ ಗುದ್ದಿದ. ಕೊರಳ ಸೀಟಿ ಕಿತ್ತು ಅದರ ದಾರದಲ್ಲೇ ಮುಖಕ್ಕೆ ಬಾರಿಸಿದ. ಆಫೀಸಿನ ಮೇಜು ಮಗುಚಿದರು. ಹೆಡ್ಮಾಸ್ಟರು ಬೀರುವಿನ ಹಿಂದೆ ಸೇರಿಕೊಂಡರು.

“ಯಾರು ಹೊಡೆದಿದ್ದು? ಒಂದೇ ಒಂದು ಹೆಸರು ಹೇಳಿ. ನನ್ ಮಗಳು ಬಾಯಿ ಬಿಡ್ತಿಲ್ಲ. ನೀವಾದ್ರೂ ಹೇಳಿ.”

ಅವನು ನನ್ನ ಕಡೆ ತಿರುಗಿದ. “ಟೀಚರ್, ನೀವಿದ್ರಿ ಅಲ್ವಾ?”

“ನೂಕುನುಗ್ಗಲು... ಕಾಣಲಿಲ್ಲ” ಎಂದೆ.

ಒಡೆದ ತುಟಿಯಲ್ಲಿ ಆ ಮಾತು ಉರಿಯಿತು.

ಸಂಜೆ ಆಸ್ಪತ್ರೆಗೆ ಹೋದೆ. ಬೆರಳಿಗೆ ಕಂಬಿ ಹಾಕಿದ್ದಾರೆ. ಎರಡು ಬೆರಳು ಮಡಚುವುದು ಅನುಮಾನವಂತೆ. ಅವಳ ಕೀರಲು ಧ್ವನಿ ಪಿಸುಮಾತಾಗಿತ್ತು. “ನಾನು ಹೇಳಿಲ್ಲ ಟೀಚರ್. ನೀವೇ ಹೇಳ್ತೀರ ಅಂತ.”

ಫೆಬ್ರವರಿ 19

ಲ್ಯಾಬಿಗೆ ಹೊಸ ಬಾಗಿಲು, ಅದಕ್ಕೆ ಬೀಗ. ಹೆಡ್ಮಾಸ್ಟರ ಆರ್ಡರು — ಉಳಿದದ್ದೂ ಗುಜರಿಗೆ. ಉಳಿದಿರುವುದು ನಾಲ್ಕು. ಮಧ್ಯಾಹ್ನದವರು ಹೊರಗೆ ಗೋಡೆಗೊರಗಿ ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಹೂಕುಂಡದ ಅಂಚಿನಿಂದ ಇಟ್ಟಿಗೆ ಕಿತ್ತು ಬೀಗ ಜಜ್ಜಿದೆ. ಅಂಗೈ ಸುಲಿಯಿತು. ಬೀಗ ಬಿತ್ತು. “ಒಳಗೆ ಬನ್ನಿ. ಒಂದಕ್ಕೆ ಐದು ಜನ ಕೂತ್ಕೊಳ್ಳಿ.”

ಹೆಡ್ಮಾಸ್ಟರು ಓಡಿ ಬಂದರು. “ಸಸ್ಪೆಂಡ್ ಮಾಡಿಸ್ತೀನಿ!”

“ಮಾಡಿಸಿ. ಕ್ಲಾಸ್ ಮುಗಿದ್ಮೇಲೆ.”

ಎಲ್ಲರೂ ನನ್ನನ್ನು ಭಾರೀ ಧೈರ್ಯವಂತೆ ಅಂದುಕೊಂಡಂತಿದೆ. ಬೀಗ ಒಡೆಯುವುದು ಸುಲಭ.

ಫೆಬ್ರವರಿ 23

ಮೂರು ದಿನ ಬರೆಯಲಾಗಲಿಲ್ಲ.

ಯಾರೋ ಯಾರದೋ ಹೆಸರು ಹೇಳಿದ್ದಾರೆ. ವೆಲ್ಡರಿನ ತಮ್ಮ ಬೆಳಗಿನ ಪಾಳಿಯ ಹುಡುಗನೊಬ್ಬನನ್ನು ಬಸ್‌ಸ್ಟಾಪಿನಲ್ಲಿ ಹಿಡಿದು ಹಾಕಿಕೊಂಡು ತುಳಿದಿದ್ದಾನೆ. ತಲೆಗೆ ಹೊಲಿಗೆ, ಪಕ್ಕೆಲುಬು ಮುರಿದಿದೆ. ಆ ಹುಡುಗ ಬೀಳ್ಕೊಡುಗೆ ದಿನ ಸ್ಕೂಲಿಗೇ ಬಂದಿರಲಿಲ್ಲ. ಜ್ವರ ಅಂತ ಮಲಗಿದ್ದ.

ಮಗಳಿಗೆ ಊಟದ ಹೊತ್ತಿಗೆ ಸುದ್ದಿ ಗೊತ್ತಾಯಿತು. ಎದ್ದು ಹೋಗಿ ವಾಂತಿ ಮಾಡಿದಳು.

“ಹೇಳ್ಬಿಡ್ತೀನಿ ನಾನು” ಎಂದೆ.

ಇವರು ತಟ್ಟೆ ಎತ್ತಿ ಗೋಡೆಗೆ ಎಸೆದರು. “ಹೆತ್ತ ಮಗಳನ್ನ ಹಿಡಿದು ಕೊಡ್ತೀಯಾ? ನಾಲ್ಕು ದಿನ ಬಾಯಿ ಮುಚ್ಕೊಂಡಿದ್ರೆ ತಾನೇ ತಣ್ಣಗಾಗುತ್ತೆ.”

“ಇನ್ನೆಷ್ಟು ಜನರ ಪಕ್ಕೆ ಮುರಿದ ಮೇಲೆ?”

ಕೈ ಹಿಡಿದು ತಿರುಚಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಬಿಡಿಸಿಕೊಳ್ಳಲು ಅವರ ಎದೆಗೆ ಗುದ್ದಿದೆ. ಅವರೂ ತಳ್ಳಿದರು. ಮಗಳು ನಡುವೆ ಬಂದು ನಿಂತಳು. ಬಾಯಿ ಒರೆಸಿಕೊಂಡಿರಲಿಲ್ಲ ಇನ್ನೂ.

“ಸಾಕು. ಹೊಡೆದವಳು ನಾನು. ಹೇಳೋಳೂ ನಾನೇ. ಅಮ್ಮ, ಜೊತೆಗೆ ಬರ್ತೀಯಾ?”

ಫೆಬ್ರವರಿ 24, ಬೆಳಿಗ್ಗೆ

ವೆಲ್ಡರಿನ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬ್ಯಾಗಿನಲ್ಲಿ ಈ ಡೈರಿಯೊಂದೇ ಇತ್ತು. ಸುಮ್ಮನೆ ಕೂರಲಾಗದು.

ಮೊದಲು ಅವನ ಅಂಗಡಿಗೆ ಹೋದೆವು. ಮುಖವಾಡ ಎತ್ತಿ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು, “ನಾನೇ ಹೊಡೆದಿದ್ದು. ಬೇಕು ಅಂತಲೇ. ಆ ಹುಡುಗ ಅಲ್ಲ.”

“ನಾನು ನೋಡಿದ್ದೆ. ಸುಳ್ಳು ಹೇಳಿದೆ” ಎಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಬ್ಬಿಣದ ಸರಳು ಎತ್ತಿದ. ಅಡ್ಡ ಹೋದೆ. ಎಡಗೈಯಿಂದ ನನ್ನನ್ನು ಎತ್ತಿ ಒಗೆದ, ಗ್ಯಾಸ್ ಸಿಲಿಂಡರಿಗೆ ಬಡಿದು ಬಿದ್ದೆ. ಮಗಳು ಕದಲಲಿಲ್ಲ. ಕಣ್ಣು ಮುಚ್ಚಿಕೊಂಡಳು, ಅಷ್ಟೆ. ಸರಳು ಅವಳ ಪಕ್ಕದ ಕಬ್ಬಿಣದ ಬೆಂಚಿಗೆ ಬಿತ್ತು. ಒಂದು ಸಲ. ಎರಡು. ಮೂರು. ಹೊಡೆಯುತ್ತ ಹೊಡೆಯುತ್ತ ಅವನೇ ಕುಸಿದು ಕೂತ.

“ನಮ್ಮೋನು ಆ ಹುಡುಗನ್ನ ಸಾಯೋ ಹಾಗೆ ಹೊಡೆದ್ನಲ್ಲಮ್ಮಾ...” ಅಂದ. ಮುಖ ಮುಚ್ಚಿಕೊಂಡ. ಕೊನೆಗೆ, ನನ್ನ ಮಗಳ ಕಡೆ ನೋಡದೆ: “ನನಗೇನು ಹೇಳ್ತೀಯ? ಕೈ ನಂದಲ್ಲ. ಹೋಗು, ಅವಳಿಗೆ ಹೇಳು.”

ನಿನ್ನೆಯಷ್ಟೇ ಮನೆಗೆ ಕರೆತಂದಿದ್ದಾರಂತೆ. ಒಂದೇ ಕೋಣೆ. ಪಿಟೀಲು ಗೋಡೆಗೊರಗಿ ಕೂತಿದ್ದಳು. ಕಂಬಿಯ ಕೈ ದಿಂಬಿನ ಮೇಲೆ. ನನ್ನನ್ನು ಕಂಡು ಏಳಲಿಲ್ಲ. “ನೀವು ಹೊರಗಿರಿ ಟೀಚರ್. ಅವಳೊಬ್ಬಳೇ ಬರಲಿ.”

ಮಗಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ಇಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು. ಅಲ್ಲಿಂದ ಆ ಹುಡುಗನ ಮನೆಗೆ. ಹೆಡ್ಮಾಸ್ಟರ ಫೋನು ಎರಡು ಸಲ ಬಂತು, ಇವರದು ಒಂಬತ್ತು ಸಲ. ತೆಗೆಯಲಿಲ್ಲ.

ಒಳಗೆ ಮಾತು ಕೇಳುತ್ತಿದೆ. ಮಗಳದು. ಏನೆಂದು ತಿಳಿಯುತ್ತಿಲ್ಲ. ನಿಂತಿತು.

ಏಟಿನ ಸದ್ದು. ಕೆನ್ನೆಗೆ. ಎಡಗೈಯದೇ ಇರಬೇಕು.

ನಾನು ಏಳಲಿಲ್ಲ.

ಇನ್ನೊಂದು.

ಅಳು. ಯಾರದು ಇದು? ಇಬ್ಬರದೂ ಇರಬಹುದು, ಈ ಗೋಡೆಯಾಚೆ ಒಂದೇ ಥರ ಕೇಳಿಸುತ್ತಿದೆ. ಬಾಗಿಲು ತೆಗೆ—