ಒಳಗೆ ಬರೋ ಮನಸ್ಸಿದೆಯಾ

ಮೇಳದ ಬಿಡಾರದಿಂದ,
ಒಂಬತ್ತನೇ ತಿಂಗಳ ಆರನೆಯ ದಿನ, ಬೆಳಿಗ್ಗೆ

ಕಥೆ ಹೇಳುವ ಮೇಷ್ಟ್ರು ಬುನ್-ಖೇ ಅವರಿಗೆ, ಅವರೇ ಕಲಿಸಿಕೊಟ್ಟ ಅಕ್ಷರಗಳಲ್ಲಿ ಅವರ ಹೆಂಡತಿ ಗ್ವಾತ್-ಹಾ ಬರೆಯುವುದು.

ನಿಮ್ಮ ಕಾಗದ ಮೊದಲು ಮೇಳದ ಯಜಮಾನಿಯ ಕೈ ಸೇರಿ, ಅವರು ಓದಿ ಮುಗಿಸಿ ಆಮೇಲೆ ನನಗೆ ಕೊಟ್ಟರು. ಅವರ ಮೇಲೆ ರೇಗಬೇಡಿ, ಲಕೋಟೆಗೆ ಅಂಟು ಹಚ್ಚುವುದರಲ್ಲೂ ನೀವು ಮೊದಲಿನಿಂದ ಜಿಪುಣರೇ. ನಾನು ಕ್ಷೇಮ. ನೀವು ಕ್ಷೇಮವೆಂದು ರೇಡಿಯೋದಲ್ಲಿ ನಿಮ್ಮ ನಾಟಕ ಕೇಳಿ ಗೊತ್ತಾಯಿತು. ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ಕೂತಲ್ಲಿ ನಿಲ್ಲಲಾಗುತ್ತಿಲ್ಲ.

ಕಡಲ ದೇವಿ ಮಾಜು ಅಮ್ಮನ ಹುಟ್ಟುಹಬ್ಬದ ಸಂಜೆ ರಂಗದ ಮೇಲೆ ನನಗೆ ಯಾವ ದೆವ್ವ ಮೆಟ್ಟಿತ್ತು ಎಂದು ಕೇಳಿದ್ದೀರಿ. ದೆವ್ವವಾಗಿದ್ದರೆ ಸುಲಭವಿತ್ತು, ಗುಡಿ ಪಕ್ಕದಲ್ಲೇ ಇತ್ತು. ಮೆಟ್ಟಿದ್ದು ಅಂದು ಮಧ್ಯಾಹ್ನ ನೀವಾಡಿದ ಮಾತು.

ಕಾವೋಶುಂಗ್ ಪಟ್ಟಣದ ರೇಡಿಯೋಗೆ ನಾಟಕ ಬರೆಯಲು ಹೋದ ಮೇಲೆ ನಮ್ಮ ರೀತಿ ಮರೆತಿರಬಹುದು, ಅದಕ್ಕೇ ನೆನಪಿಸುತ್ತೇನೆ. ಇಲ್ಲಿ ಬರೆದಿಟ್ಟ ಮಾತು ಎಂಬುದಿಲ್ಲ. ಮಧ್ಯಾಹ್ನ ನೀವು ವೇಷದ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತು ಅಂದಿನ ಕಥೆ ಹೇಳುತ್ತಿದ್ದಿರಿ. ಯಾರು ಬರಬೇಕು, ಯಾರು ಅಳಬೇಕು, ಕೊನೆಗೆ ಏನಾಗಬೇಕು, ಅಷ್ಟೇ. ಸಂಜೆ ನಾವು ಬಾಯಿಗೆ ಬಂದ ಮಾತು ಕಟ್ಟಿ ಆಡುತ್ತಿದ್ದೆವು. ಅಂದಿನದು ಹಳೆಯ ಕಥೆಯೇ. ಬಡ ಪಂಡಿತ ರಾಜಧಾನಿಯಲ್ಲಿ ಪರೀಕ್ಷೆ ಗೆದ್ದು ಅಧಿಕಾರಿಯಾಗಿ, ಮಂತ್ರಿಯ ಮಗಳನ್ನೂ ಮದುವೆಯಾಗಿ ಕೂತಿರುತ್ತಾನೆ. ಊರಿನ ಹೆಂಡತಿ ನಡೆದು ನಡೆದು ಅವನ ಬಾಗಿಲಿಗೆ ಬರುತ್ತಾಳೆ. ಮಂತ್ರಿಯ ಮಗಳು ಅಕ್ಕಾ ಎನ್ನುತ್ತಾಳೆ, ಇವಳು ತಂಗೀ ಎನ್ನುತ್ತಾಳೆ, ಅಧಿಕಾರಿ ಇಬ್ಬರನ್ನೂ ಎಡಬಲಕ್ಕೆ ನಿಲ್ಲಿಸಿಕೊಂಡು ನಗುತ್ತಾನೆ. ಪಟಾಕಿ, ಮಂಗಳ. ಆ ಅಧಿಕಾರಿಯ ಗಂಡುವೇಷ ಹದಿನೆಂಟು ವರ್ಷದಿಂದ ನನ್ನದು. ನಾನು ಟೋಪಿ ಇಟ್ಟು ನಿಂತರೆ ಊರ ಹೆಂಗಸರು ಕಟ್ಟಿಕೊಂಡ ಗಂಡಂದಿರನ್ನು ಮರೆಯುತ್ತಾರೆ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದವರು ನೀವೇ. ಊರಿನ ಹೆಂಡತಿಯ ವೇಷ ಆ-ಲುಯಿಯದು.

ಕಥೆ ಹೇಳಿ ಮುಗಿಸಿ ನನ್ನೊಬ್ಬಳನ್ನೇ ರಂಗದ ಹಿಂದೆ, ಒಲೆಯ ಹತ್ತಿರ ಕರೆದಿರಿ. ಆ-ಲುಯಿ ಬಸುರಿ ಎಂದಿರಿ. ನಿಮ್ಮಿಂದಲೇ ಎಂದಿರಿ, ಗಾಳಿ ಬದಲಾಯಿತು ಎನ್ನುವ ದನಿಯಲ್ಲಿ. ಹೇಗೂ ನಮಗೆ ಮಕ್ಕಳಿಲ್ಲ, ಗಂಡಾದರೆ ನಮ್ಮಿಬ್ಬರ ಮಗನೆಂದೇ ಹೆಸರು ಬರೆಸೋಣ, ಅವಳು ತಂಗಿಯ ಹಾಗೆ ಮನೆಯಲ್ಲಿ ಒಂದು ಕಡೆ ಬಿದ್ದಿರುತ್ತಾಳೆ, ಹೆಣ್ಣಾದರೆ ಆಮೇಲೆ ನೋಡೋಣ ಎಂದಿರಿ. ಆಗ ನಗುತ್ತಾ ಹೇಳಿದಿರಲ್ಲ, “ಇಷ್ಟು ವರ್ಷ ರಂಗದ ಮೇಲೆ ಆಡಿದ್ದೀಯ, ಅದನ್ನೇ ಒಂದ್ಸಲ ಮನೇಲಿ ಆಡೇ. ಏನು ಕಷ್ಟ?”

ಎದ್ದು ಹೋಗಿ ಬಂದೆ. ಎಳ್ಳೆಣ್ಣೆ, ಶುಂಠಿ ಹಾಕಿ ಕೋಳಿ ಸಾರು ಇಟ್ಟಿದ್ದೇನೆ, ತಳ ಹಿಡಿಯುತ್ತಿತ್ತು. ಈಚೆಗೆ ನನ್ನ ಮೊಣಕಾಲು ನೋವು, ಅದಕ್ಕೆ ಒಳ್ಳೆಯದಂತೆ.

ಸುಳ್ಳು ಯಾಕೆ ಹೇಳಲಿ, ಅಂದು ಬಣ್ಣ ಹಚ್ಚಿಕೊಳ್ಳುವಾಗ ಪಕ್ಕದಲ್ಲಿ ಕೂತ ಆ-ಲುಯಿಯ ಜಡೆ ಹಿಡಿದು ಎಳೆಯಬೇಕೆನಿಸಿತ್ತು. ಅವಳು ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿ ಹುಬ್ಬು ತೀಡುತ್ತಿದ್ದಳು, ತೀಡಿದ್ದು ಓರೆಯಾಗಿ ಒರೆಸುತ್ತಿದ್ದಳು. ಮೂರನೇ ಸಲ ಒರೆಸುವುದು ನೋಡಿದ ಮೇಲೆ ನನಗೆ ಹೊಳೆಯಿತು. ಮೇಳದಲ್ಲಿ ಯಾರಿಗೆ ಯಾವ ವೇಷ ಎಂದು ಹೇಳುವವರು ನೀವು. ನಿಮಗೆ ಬೇಡ ಎಂದಿದ್ದರೆ ಮರುದಿನದಿಂದ ಅವಳು ಲಾಂದ್ರ ಹಿಡಿದು ನಿಲ್ಲುವ ದಾಸಿ. ಬೇಡ ಎನ್ನಲು ಅವಳಿಗೆ ಯಾವ ದಾರಿ ಇತ್ತು?

ಕೊನೆಯ ದೃಶ್ಯ ಬಂತು. ಆ-ಲುಯಿ ತೇಪೆ ಹಾಕಿದ ಆ ನೀಲಿ ಅಂಗಿಯಲ್ಲಿ ಬಂದು ಬಾಗಿಲ ಮುಂದೆ ಮಂಡಿಯೂರಿದಳು. ನಾನು ಒಳಗೆ ಬಾ ಎನ್ನಬೇಕಿತ್ತು. ಹದಿನೆಂಟು ವರ್ಷ ಆ ಟೋಪಿಯಡಿ ನಿಂತು ಕ್ಷಮೆ ಪಡೆದಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ. ಪರದೆಯ ಸಂದಿಯಲ್ಲಿ ನಿಮ್ಮ ಮುಖ ಕಾಣುತ್ತಿತ್ತು. ನಾನು ಕೇಳಿಬಿಟ್ಟೆ: “ಒಳಗೆ ಬರೋ ಮನಸ್ಸು ನಿನಗಿದೆಯಾ ತಾಯಿ? ಇಲ್ಲೀತನಕ ಯಾರೂ ನಿನ್ನ ಕೇಳ್ಳೇ ಇಲ್ಲ.”

ಪಿಟೀಲಿನ ಮುದುಕ ಗಾಬರಿಯಾಗಿ ಸುಮ್ಮನೆ ಒಂದೇ ಸ್ವರ ಎಳೆಯುತ್ತಾ ಕೂತ. ಆ-ಲುಯಿ ತಲೆ ಎತ್ತಿದಳು. ಎದ್ದಳು. ಮಂಡಿಯ ಧೂಳು ಕೊಡವಿಕೊಂಡಳು. “ಅಯ್ಯಾ, ನಾನಿಷ್ಟು ದೂರ ನಡೆದು ಬಂದದ್ದು ಒಳಗೆ ಬರೋಕಲ್ಲ. ನನ್ನ ಕೂಸನ್ನ ನಾನೇ ಸಾಕ್ತೀನಿ, ಯಾರಿಗೂ ಕೊಡಲ್ಲ. ಅದನ್ನ ನಿಮ್ಮೆದುರು ಹೇಳಿ ಹೋಗೋಣ ಅಂತ ಬಂದೆ.”

ಆ ಕಥೆಯಲ್ಲಿ ಕೂಸೇ ಇಲ್ಲ. ಜನ ಅದನ್ನೂ ಕಥೆಯೆಂದೇ ತಿಳಿದರು. ಗೊತ್ತಿದ್ದದ್ದು ನಮ್ಮ ಮೂವರಿಗೆ. ಅವಳು ನಿಧಾನ ನಡೆದು ಹೊರಬಾಗಿಲಿನಿಂದ ಹೋದಳು. ಮಂತ್ರಿಯ ಮಗಳ ವೇಷದ ಹುಡುಗಿ ಪಾಪ, ಬಾಯಿಪಾಠದ ಹಾಗೆ ಖಾಲಿ ಬಾಗಿಲಿಗೆ “ಅಕ್ಕಾ, ಒಳಗೆ ಬನ್ನಿ” ಎಂದಳು. ಮುಂದಿನ ಬೆಂಚಿನಲ್ಲಿ ಕಲ್ಲಂಗಡಿ ಬೀಜ ಕಚ್ಚುತ್ತಿದ್ದ ಮುದುಕಿಯೊಬ್ಬಳು ಎದ್ದು, “ಹೋಗು ಮಗಳೇ, ಹಿಂದೆ ನೋಡ್ಬೇಡ” ಎಂದು ಕೂಗಿದಳು. ನೀವೂ ಕೇಳಿದ್ದೀರಿ.

ಆಟ ಆಡಿಸಿದ ಗಿರಣಿ ಮಾಲೀಕ ಲಿಮ್ ಅವರು ಕೆಂಡವಾದದ್ದು ನಿಜ. ಅಮ್ಮನ ಹುಟ್ಟುಹಬ್ಬಕ್ಕೆ ಕುಟುಂಬ ಒಂದಾಗದ ಆಟ ಅಪಶಕುನವೆಂದರು. ಯಜಮಾನಿ ದೇವತೆಗಳ ವೇಷ ಹಾಕಿಸಿ ಮಂಗಳದ ಆಟ ಮತ್ತೊಮ್ಮೆ ಆಡಿಸಿ ಸಮಾಧಾನ ಮಾಡಿದರು. ನಾನು ಲಿಮ್ ಅವರ ಕಾಲು ಹಿಡಿಯಬೇಕೆಂದು ನೀವು ಬರೆದಿದ್ದೀರಿ. ಒಂದು ಸಂಗತಿ ನಿಮಗೆ ಗೊತ್ತಿಲ್ಲ, ನೀವು ಅಷ್ಟರಲ್ಲಿ ಪೆಟ್ಟಿಗೆ ಎತ್ತಿಕೊಂಡು ಕಾವೋಶುಂಗ್ ಬಸ್ಸು ಹತ್ತಿದ್ದಿರಿ. ಲಿಮ್ ಅವರ ಇಬ್ಬರು ಹೆಂಡತಿಯರೂ ಅಂದು ಅವರ ಎಡಬಲಕ್ಕೆ ಕೂತಿದ್ದರು. ಮರುದಿನ ನಾವು ರಂಗ ಬಿಚ್ಚುವಾಗ ದೊಡ್ಡವಳು ತಾನೇ ಬಂದು ಆಮೆಯ ಅಚ್ಚಿನ ಕೆಂಪು ಸಿಹಿ ಕಡುಬು ಒಂದು ತಟ್ಟೆ ಕೊಟ್ಟು, ನನ್ನ ಮೊಣಕೈ ಹಿಡಿದು ಬಿಟ್ಟು ಹೋದಳು. ಚಿಕ್ಕವಳು ದೂರದಲ್ಲಿ ಛತ್ರಿ ಹಿಡಿದು ಅವಳಿಗಾಗಿ ಕಾಯುತ್ತಿದ್ದಳು.

ಕಥೆಗಳು ಜನರಿಗೆ ನೀತಿ ಕಲಿಸುತ್ತವೆ, ಅದನ್ನು ಕೆಡಿಸುವ ಹಕ್ಕು ವೇಷ ಹಾಕುವವಳಿಗಿಲ್ಲ ಎಂದಿದ್ದೀರಿ. ಯಾರ ನೀತಿ? ಹೆಂಡತಿ ಕ್ಷಮಿಸಿದರೆ ಆಟ ಮುಗಿಯುತ್ತದೆ, ಗಂಡ ಕ್ಷಮೆ ಕೇಳುವ ಆಟ ಮಾತ್ರ ನೀವು ಎಂದೂ ಹೇಳಲಿಲ್ಲ. ನಿಮ್ಮ ಹೊಸ ರೇಡಿಯೋ ನಾಟಕವನ್ನು ಮೀನಿನ ಉಂಡೆಯ ಸಾರು ಮಾರುವ ಅಂಗಡಿಯಲ್ಲಿ ಕೇಳಿದೆ. ಗಂಡನ ಮರ್ಯಾದೆ ಕಳೆದ ನಟಿ, ಕೊನೆಗೆ ಅವಳೇ ಅತ್ತು ಕಾಲಿಗೆ ಬೀಳುತ್ತಾಳೆ. ಅಲ್ಲಿ ಬರೆದದ್ದನ್ನೇ ಓದಬೇಕಂತೆ, ಒಂದು ಮಾತೂ ಬದಲಿಸುವಂತಿಲ್ಲವಂತೆ. ನಿಮಗೆ ಹೇಳಿ ಮಾಡಿಸಿದ ಕೆಲಸ. ಅರ್ಧದಲ್ಲೇ ಅಂಗಡಿಯವನು ರೇಡಿಯೋ ಆರಿಸಿದ.

ನಿಮ್ಮ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಚಳಿಗಾಳಿ ಬೀಸಿದರೆ ಈಗಲೂ ನಿಮ್ಮ ಕೆಮ್ಮು ನೆನಪಾಗುತ್ತದೆ, ಅದಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ಮತ್ತೆ ಏಳಬೇಕಾಯಿತು. ಬೆಕ್ಕು ಅಂದುಕೊಳ್ಳಿ.

ಆ-ಲುಯಿ ಎಲ್ಲಿ, ಹೆತ್ತಳೇ, ಏನು ಹೆತ್ತಳು ಎಂದು ಮೂರು ಸಲ ಕೇಳಿದ್ದೀರಿ. ಅವಳ ಆರೋಗ್ಯ ಹೇಗಿದೆ ಎಂದು ಒಂದು ಸಲವೂ ಇಲ್ಲ. ಅವಳು ತವರಿಗೆ ಹೋಗಿರಬಹುದು, ನನಗೇನು ಗೊತ್ತು. ಮಗುವನ್ನು ಕರೆದುಕೊಂಡು ನಾನು ಕಾವೋಶುಂಗ್‌ಗೆ ಬರಬೇಕೆಂಬ ಮಾತಿಗೆ ಉತ್ತರ, ಬರುವುದಿಲ್ಲ. ಈಗ ಮಧ್ಯಾಹ್ನದ ಕಥೆ ನಾನು ಹೇಳುತ್ತೇನೆ. ಕೊನೆ ಮಾತ್ರ ಹೇಳುವುದಿಲ್ಲ, ಆಡುವವರಿಗೆ ಬಿಡುತ್ತೇನೆ. ನೀವು ಕೇಳಿದ ಮಫ್ಲರ್ ನಿಮ್ಮ ಪೆಟ್ಟಿಗೆಯಲ್ಲೇ, ಅಡಿಯಲ್ಲಿದೆ, ಹುಡುಕಿಕೊಳ್ಳಿ.

ಇತಿ,
ಇನ್ನು ಮುಂದೆ ಬರೀ
ಗ್ವಾತ್-ಹಾ

ತಾಜಾಕಲಮು: ಯಜಮಾನಿ ಈ ಕಾಗದ ಓದಿ, ಇಷ್ಟೊಂದು ಸುಳ್ಳು ಕಳಿಸಬೇಡ ಕಣೇ ಎಂದು ಬೈದರು, ಅದಕ್ಕೆ ಸೇರಿಸುತ್ತಿದ್ದೇನೆ. ಕೋಳಿ ಸಾರು ನನ್ನ ಮೊಣಕಾಲಿಗಲ್ಲ, ಬಾಣಂತಿಗೆ. ರೇಡಿಯೋ ಆರಿಸಿದ್ದು ಅಂಗಡಿಯವನಲ್ಲ, ತುಂಬು ಬಸಿರಿನಲ್ಲಿ ಎದ್ದು ಹೋಗಿ ಆ-ಲುಯಿ ಅದರ ಕಿವಿ ಹಿಂಡಿದಳು. ಬೆಕ್ಕು ಎಂದದ್ದು ಈಗ ನನ್ನ ತೊಡೆಯ ಮೇಲೆ ಮಲಗಿ ನನ್ನ ಬೆರಳು ಹಿಡಿದುಕೊಂಡಿದೆ, ಬರೆಯಲು ಬಿಡುತ್ತಿಲ್ಲ. ಹೆಸರು ಅದರ ಅಮ್ಮನ ಮನೆತನದ್ದೇ ಬರೆಸಿದ್ದೇವೆ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಮೇಳ ಇನ್ನೊಂದು ಊರಿನಲ್ಲಿರುತ್ತದೆ. ಕೂಸಿನ ಕಿವಿ ಥೇಟ್ ನಿಮ್ಮದೇ. ಗಂಡೋ ಹೆಣ್ಣೋ ನಾನು ಬರೆಯುವುದಿಲ್ಲ. ನೀವು ಕಥೆ ಕಟ್ಟುವವರು, ಹೇಗೆ ಬೇಕೋ ಹಾಗೆ ಕಟ್ಟಿಕೊಳ್ಳಿ.